ಒರೀಲಿಯಾಳ ಕೊನೆಯ ನಾಲ್ಕು ಹಾಡು

ಬೆಳಿಗ್ಗೆ ಏಳೂವರೆಗೆ ಒರೀಲಿಯಾ ಟ್ರಾಮೆಲ್‌ಗೆ ಇದ್ದಕ್ಕಿದ್ದಂತೆ ವಯಸ್ಸಾಗಿಬಿಟ್ಟಿತು. ಸತ್ತು ನಲವತ್ತು ವರ್ಷ ಕಳೆದ ಮೇಲೆ ವಯಸ್ಸಾಗುವುದು ಯಾವ ಹೆಂಗಸಿಗೂ ಶೋಭೆಯಲ್ಲ. ಅದೂ ಆಕೆಯ ಹೆಸರಿನ ಕಂಚಿನ ಫಲಕವನ್ನು ಅದೇ ಶನಿವಾರ ಹನ್ನೊಂದು ಗಂಟೆಗೆ ಅನಾವರಣ ಮಾಡುವುದಿದ್ದಾಗ, ಆ ಫಲಕದ ಮೇಲೆ ‘ಕೊನೆಯ ಹಾಡುಗಳಲ್ಲಿ ಈಕೆ ಮತ್ತೆ ಹದಿನಾರರ ಹುಡುಗಿಯಾದಳು’ ಎಂದು ಎರಕ ಹೊಯ್ದಾಗಿದ್ದಾಗ, ಆ ಮಾತಿನ ಅಡಿಯಲ್ಲಿ ‘ಎಲ್. ಪೆಟಸ್’ ಎಂದು ಆಡಿದವನ ಹೆಸರೂ ಉಬ್ಬಿಕೊಂಡು ಕೂತಿದ್ದಾಗ. ಹೆಸರಿನ ಒಡೆಯ ಲೂಶಿಯಸ್ ಪೆಟಸ್ ಮಾತ್ರ ಆ ಹೊತ್ತಿಗೆ ಉಬ್ಬಿಕೊಂಡಿರಲಿಲ್ಲ. ಬನಿಯನ್ನು ಹಾಕಿಕೊಂಡು, ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡು, ಮಗಳು ಹುಟ್ಟುಹಬ್ಬಕ್ಕೆ ಕಳಿಸಿದ್ದ ಹೊಸ ರೆಕಾರ್ಡು ಯಂತ್ರದ ಮುಂದೆ ಬಗ್ಗಿ ನಿಂತಿದ್ದ. ಯಂತ್ರದ ಬಲಗಡೆ ಒಂದು ಸಣ್ಣ ಗುಂಡಿ. ಹಿಂದಕ್ಕೆಳೆದರೆ ತಟ್ಟೆ ನಿಧಾನ, ಮುಂದಕ್ಕೆ ದೂಡಿದರೆ ಜೋರು. ಆ ಗುಂಡಿಯನ್ನು ಆತ ಎಳೆದಿದ್ದ. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನಲ್ಲಿ ತಿರುಗುತ್ತಿದ್ದ ತಟ್ಟೆ ಎಪ್ಪತ್ತೆರಡಕ್ಕೆ ಇಳಿಯಿತು, ಹದಿನಾರರ ಹುಡುಗಿ ಕಣ್ಣೆದುರೇ ನಲವತ್ತರ ಹೆಂಗಸಾದಳು. ನೊರೆ ಗದ್ದದಿಂದ ಜಾರಿ ಎಪ್ಪತ್ತು ವರ್ಷದ ಹಳೆಯ, ಜಗತ್ತಿನಲ್ಲಿ ಇನ್ನೊಂದಿಲ್ಲ ಎಂದು ಆತ ನಂಬಿದ್ದ ತಟ್ಟೆಯ ಮೇಲೆ ತಟ್ ಎಂದು ಬಿತ್ತು.

ಒರೀಲಿಯಾಳ ಮೊದಲ ಆರು ಹಾಡು ಎಲ್ಲರಿಗೂ ಗೊತ್ತು. ಅವರೂರು ಮೆಂಫಿಸ್ಸಿನ ಕ್ಷೌರದಂಗಡಿಗಳಲ್ಲಿ ಕತ್ತರಿಯಾಡಿಸುವವರು ಕೂಡ ‘ಬರಿಗಾಲ ಸೋಮವಾರ’ವನ್ನು ಮೂಗಿನಲ್ಲೇ ಹಾಡಬಲ್ಲರು. ಎಲ್ಲರಿಗೂ ಗೊತ್ತಿರುವುದು ಲೂಶಿಯಸ್‌ಗೆ ಬೇಡ. ಎಲ್ಲರೂ ಮೆಚ್ಚುವುದನ್ನು ಮೆಚ್ಚಲು ಕಿವಿ ಸಾಕು, ಯಾರೂ ಕೇಳದ್ದನ್ನು ಮೆಚ್ಚಲು ಕಿವಿಯ ಜೊತೆ ಕಿರೀಟವೂ ಬೇಕು. ಆಕೆ ಸಾವಿರದ ಒಂಬೈನೂರ ಇಪ್ಪತ್ತೆಂಟರಲ್ಲಿ ಒಂದು ಹೋಟೆಲಿನ ಕೋಣೆಯಲ್ಲಿ, ಒಬ್ಬ ಪಿಯಾನೋದವನನ್ನು ಕೂರಿಸಿಕೊಂಡು ಹಾಡಿದ ಕೊನೆಯ ನಾಲ್ಕು ಹಾಡುಗಳಿದ್ದವಲ್ಲ, ಯಾರೂ ಕೊಳ್ಳದೆ, ಕಂಪನಿಯೇ ಮುಳುಗಿ, ಎರಡೇ ತಟ್ಟೆಗಳಾಗಿ ಯಾರದೋ ಕೋಳಿಗೂಡಿನ ಬಾಗಿಲಿಗೆ ಒತ್ತಾಗಿ ಉಳಿದಿದ್ದ ಆ ನಾಲ್ಕು ಹಾಡು, ಅವು ಲೂಶಿಯಸ್‌ನವು. ಅಂಚೆಯ ಚೀಲ ಹೊತ್ತು ಮೂವತ್ತೊಂದು ವರ್ಷ ಆರೆಂಜ್ ಮೌಂಡ್ ಬಡಾವಣೆಯ ಬೀದಿಗಳನ್ನು ಅಳೆದವನು, ಪ್ರತಿ ಮನೆಯ ಮೆಟ್ಟಿಲ ಮೇಲೂ ಕಾಗದ ಕೊಟ್ಟು ‘ಹಳೇ ರೆಕಾರ್ಡು ಇದ್ರೆ ಹೇಳಿ ತಾಯಿ’ ಎಂದು ಕೈಚಾಚಿದವನು. ಮೂವತ್ತೊಂದು ವರ್ಷದಲ್ಲಿ ಒಂದು ಕಾಗದವನ್ನೂ ತಪ್ಪು ಮನೆಗೆ ಹಾಕಿದವನಲ್ಲ ಎಂದು ಬೀಳ್ಕೊಡುಗೆಯ ದಿನ ಪೋಸ್ಟ್ ಮಾಸ್ತರರು ಹೇಳಿದಾಗ ಕಣ್ಣೊರೆಸಿಕೊಂಡವನು. ಈಗ ಒಬ್ಬ ಹೆಂಗಸಿನ ದನಿಯನ್ನೇ ತಪ್ಪು ಗಂಟಲಿಗೆ ಬಟವಾಡೆ ಮಾಡಿದ್ದ.

ಅದೂ ರುಜು ಹಾಕಿಸಿಕೊಂಡು. ‘ಮರಳಿ ಹುಡುಗಿಯಾದ ಒರೀಲಿಯಾ’ ಎಂಬ ನಲವತ್ತೆರಡು ಪುಟದ ಪುಸ್ತಿಕೆಯಲ್ಲಿ ಆತ ಬರೆದಿದ್ದ: ‘ಬರಿಗಾಲ ಸೋಮವಾರ’ದ ಹಂಡೆಯಂಥ ದನಿ ಎರಡೇ ವರ್ಷದಲ್ಲಿ ಹಕ್ಕಿಯ ದನಿಯಾದದ್ದೇಕೆ? ದುಃಖದಿಂದ. ಎಂಥ ದುಃಖ? ಮಗುವೊಂದನ್ನು ಕಳೆದುಕೊಂಡ ದುಃಖ. ತಾಯಿ ತನ್ನ ಸತ್ತ ಮಗುವಿನ ಗಂಟಲಿನಿಂದ ಹಾಡುತ್ತಿದ್ದಾಳೆ. ಮಗು ಇತ್ತೇ ಎಂದು ಯಾರೂ ಕೇಳಲಿಲ್ಲ. ಅಷ್ಟು ಚೆನ್ನಾಗಿ ಬರೆದದ್ದನ್ನು ಓದುವಾಗ ಹಾಗೆಲ್ಲ ಕೇಳುವುದು ಸಭ್ಯತೆಯಲ್ಲ. ಮಿನೆಸೋಟಾದ ಡಾಕ್ಟರ್ ಹೋಲ್ಮ್‌ಗ್ರೆನ್ ಎಂಬ ಬಿಳಿಯ ವಿದ್ವಾಂಸ ‘ನಿಮ್ಮ ಪುಸ್ತಿಕೆ ಓದಿ ಮೂರು ದಿನ ಊಟ ಸೇರಲಿಲ್ಲ’ ಎಂದು ಕಾಗದ ಬರೆದಿದ್ದ. ಆ ಕಾಗದವನ್ನು ಲೂಶಿಯಸ್ ಗಾಜು ಹಾಕಿಸಿ ಊಟದ ಮೇಜಿನೆದುರೇ ನೇತುಹಾಕಿ, ಅದನ್ನು ನೋಡುತ್ತ ಹೊಟ್ಟೆತುಂಬ ಊಟ ಮಾಡುತ್ತಿದ್ದ. ಹಳೆಯ ಕಂಪನಿಗಳು ಕೈಗೆ ಬಂದ ವೇಗದಲ್ಲಿ ಮುದ್ರಿಸುತ್ತಿದ್ದವು, ಚೀಟಿಯ ಮೇಲಿನ ಎಪ್ಪತ್ತೆಂಟನ್ನು ನಂಬಬೇಡಿ, ನಿಧಾನವಾಗಿ ಮುದ್ರಿಸಿದ್ದನ್ನು ಜೋರಾಗಿ ತಿರುಗಿಸಿದರೆ ಎಮ್ಮೆಯೂ ಮೇಕೆಯಾಗುತ್ತದೆ ಎಂಬುದು ಆತನಿಗೆ ತಿಳಿಯದ್ದೇನಲ್ಲ. ಅದೇ ತಪ್ಪಿಗಾಗಿ ಇಬ್ಬರು ಸಂಗ್ರಾಹಕರನ್ನು ಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಜಾಲಾಡಿದ್ದ. ಆದರೆ ಅವರ ಹಾಡುಗಳು ಬೇರೆ, ಇವನ ಹುಡುಗಿ ಬೇರೆ. ಪ್ರೀತಿಸಿದವಳ ವಯಸ್ಸನ್ನು ಯಾರು ಹೋಗಿ ದಾಖಲೆ ನೋಡಿ ಖಚಿತ ಮಾಡಿಕೊಳ್ಳುತ್ತಾರೆ?

“ತಟ್ಟೆ ತಿರುಗಿಸಿದ್ದು ಸಾಕು, ತಟ್ಟೆ ಮುಂದೆ ಬಂದು ಕೂತ್ಕೋ,” ಎಂದು ಅರ್ನೆಸ್ಟೀನ್ ಅಡುಗೆಮನೆಯಿಂದ ಕೂಗಿದಳು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಆಕೆ ಗಂಡನ ಸಂಗ್ರಹದ ಒಂದು ತಟ್ಟೆಯನ್ನೂ ಒಡೆದಿರಲಿಲ್ಲ, ಒಂದನ್ನೂ ಹೊಗಳಿಯೂ ಇರಲಿಲ್ಲ. ಮೀನಿನ ವಡೆ, ಜೋಳದ ಗಂಜಿ, ಮೇಲೆ ಬೆಣ್ಣೆ. ಲೂಶಿಯಸ್ ಕೂತ. ಗಾಜಿನೊಳಗಿಂದ ಮಿನೆಸೋಟಾ ನೋಡುತ್ತಿತ್ತು. ಗಂಜಿಯಲ್ಲಿ ಚಮಚ ಆಡಿಸುತ್ತ, ಬೇರೆ ಯಾರದೋ ಮನೆಯ ಸುದ್ದಿ ಹೇಳುವವನಂತೆ, “ಆ ಹಾಡು ಸ್ವಲ್ಪ ಜೋರಾಗಿ ತಿರುಗ್ತಿತ್ತು ಅನ್ಸುತ್ತೆ,” ಎಂದ.

“ಯಾವುದು?”

“ಕೊನೇವು. ನಾಲ್ಕೂ.”

“ಎಷ್ಟು ದಿನದಿಂದ?”

“ಇಪ್ಪತ್ತೆರಡು ವರ್ಷದಿಂದ.”

ಅರ್ನೆಸ್ಟೀನ್ ಬಾಣಲೆ ಕೆಳಗಿಟ್ಟಳು. ನಗಲಿಲ್ಲ, ಅದು ಇನ್ನೂ ಕೆಟ್ಟ ಲಕ್ಷಣ. “ಅಂದ್ರೆ ಮಿಸ್ ಜೆನೋಬಿಯಾ ಹೇಳಿದ್ದು ನಿಜ.”

“ನಾನೆಲ್ಲಿ ಹಾಗಂದೆ?”

“ನೀನು ಅನ್ನಲ್ಲಪ್ಪ. ನಿನ್ನ ಕಿವಿ ಅಂತಿದೆ, ಕೆಂಪಾಗಿದೆ ನೋಡ್ಕೋ. ಇವತ್ತು ಹೋಗಿ ಹೇಳ್ಬಿಡು, ಮುಗೀತು.”

“ಕಂಚಲ್ಲಿ ಹೊಯ್ದಾಗಿದೆ ಅರ್ನೆಸ್ಟೀನ್.”

“ಫಲಕ ಕಂಚಿಂದು. ನಿನ್ನ ಬಾಯೂ ಕಂಚಿಂದಾ?”

ಜೆನೋಬಿಯಾ ಟ್ರಾಮೆಲ್ ಒರೀಲಿಯಾಳ ತಮ್ಮನ ಮಗಳು. ಎಂಬತ್ತಾರು. ಹನ್ನೆರಡು ವರ್ಷದ ಹಿಂದೆ ಲೂಶಿಯಸ್ ಟೇಪ್ ರೆಕಾರ್ಡರು ಹಿಡಿದು ಆಕೆಯ ಜಗುಲಿಯ ಮೇಲೆ ಕೂತಿದ್ದ. ಆಕೆ ಮಡಿಲಲ್ಲಿ ಬಟಾಣಿ ಸುಲಿಯುತ್ತ ಇದ್ದಳು. ಆತ ಹಕ್ಕಿದನಿಯ ಹಾಡು ಹಾಕಿದ. ಆಕೆ ಒಂದು ಚರಣ ಕೇಳಿ, ಸುಲಿದ ಸಿಪ್ಪೆಯನ್ನು ಬಕೆಟ್ಟಿಗೆ ಹಾಕಿ, “ಇದ್ಯಾರ ಮಗು ಅಳ್ತಿರೋದು?” ಎಂದಳು. ನಿಮ್ಮತ್ತೆ, ಮದರ್, ಎಂದ. ಚರ್ಚಿನ ಹಿರಿಯಳು, ಎಲ್ಲರಿಗೂ ಆಕೆ ಮದರ್. “ನಮ್ಮತ್ತೆ ಬಾಯ್ತೆಗೆದ್ರೆ ಬೀದಿ ಕೊನೇ ನಾಯಿ ಎದ್ದು ಕೂರ್ತಿತ್ತು. ದನಿ ಅಂದ್ರೆ ಹೀಗೆ,” ಎಂದು ಎದೆಯ ಕೆಳಗೆ, ಹೊಟ್ಟೆಯ ಹತ್ತಿರ ಕೈಯಿಟ್ಟು ತೋರಿಸಿದಳು. “ನೀನು ಅದನ್ನ ಜೋರಾಗಿ ಓಡಿಸ್ತಿದ್ದೀಯ ಮಗ.” ಆತ ನಕ್ಕ. ಅಳತೆಯ ನಗು, ಸಂಶೋಧಕರು ಸಾಕ್ಷಿಗಳಿಗೆ ಕೊಡುವ ನಗು. ಮಗು ಸತ್ತದ್ದರ ಬಗ್ಗೆ ಕೇಳಿದ. “ಮಗು? ಯಾವ ಮಗು?” ಆಕೆ ಬಟಾಣಿಯಿಂದ ತಲೆಯೆತ್ತಿದಳು. ಆತ ಟೇಪು ನಿಲ್ಲಿಸಿದ. ಆಮೇಲೆ ಪುಸ್ತಿಕೆಯ ಹತ್ತೊಂಬತ್ತನೆಯ ಪುಟದ ಬುಡದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಒಂದು ಟಿಪ್ಪಣಿ ಬಂತು: ‘ಗಾಯಕಿಯ ವೃದ್ಧ ಸಂಬಂಧಿಯೊಬ್ಬರು ದನಿ ದಪ್ಪವಿತ್ತೆನ್ನುತ್ತಾರೆ. ವಯಸ್ಸಿನ ಕಾರಣ ಆ ನೆನಪನ್ನು ನೆಚ್ಚುವಂತಿಲ್ಲ.’ ಹೆಸರು ಹಾಕಿರಲಿಲ್ಲ. ಅದನ್ನು ಆತ ತನ್ನ ಸೌಜನ್ಯ ಎಂದುಕೊಂಡಿದ್ದ. ಪುಸ್ತಿಕೆ ಬಂದ ಮೇಲಿನ ಮೊದಲ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಆಕೆ ಎದುರಾದಳು. “ನಮ್ಮ ಮೊಮ್ಮಗಳು ಓದಿ ಹೇಳಿದ್ಳು. ಚೆನ್ನಾಗಿ ಬರ್ದಿದ್ದೀಯ,” ಎಂದಳು. ಅಷ್ಟೇ. ಅಂದಿನಿಂದ ಆಕೆ ಆತನೊಡನೆ ಮಾತು ಬಿಟ್ಟಿರಲಿಲ್ಲ. ಹವಾಮಾನ, ಮಂಡಿನೋವು, ಟೊಮೇಟೊ ಎಲ್ಲ ಆಡುತ್ತಿದ್ದಳು. ಅತ್ತೆಯ ಮಾತು ಮಾತ್ರ ಎತ್ತಲಿಲ್ಲ. ಆ ಬೀದಿಯಲ್ಲಿ ಕಾಗದ ಹಾಕಲು ಹೋದಾಗಲೆಲ್ಲ ಲೂಶಿಯಸ್ ಆಕೆಯ ಡಬ್ಬಿಗೆ ಕಾಗದವನ್ನು ಸದ್ದಾಗದಂತೆ ಇಳಿಬಿಟ್ಟು ಬರುತ್ತಿದ್ದ, ಕಳ್ಳತನ ಮಾಡುವವನಲ್ಲ, ಕದ್ದದ್ದನ್ನು ವಾಪಸ್ಸಿಡುವವನ ಹಾಗೆ. ಆದರೆ ವಾಪಸ್ಸಿಡುತ್ತಿದ್ದದ್ದು ನೀರಿನ ಬಿಲ್ಲು.

ಕಾರಿನ ಹಿಂದಿನ ಸೀಟಿನಲ್ಲಿ ಯಂತ್ರ, ಅದಕ್ಕೆ ಎರಡು ದಿಂಬು, ದಿಂಬಿನ ನಡುವೆ ತಟ್ಟೆ. ಅರ್ನೆಸ್ಟೀನ್ ಮುಂದೆ ಕೂತು ಟೋಪಿ ಸರಿಮಾಡಿಕೊಂಡಳು. ನೇರಳೆ ಟೋಪಿ, ಅದರ ಮೇಲೆ ಹಕ್ಕಿಯ ಒಂದು ಗರಿ. ಪಾರ್ಕ್ ಅವೆನ್ಯೂವಿನ ಕೆಂಪು ದೀಪದಲ್ಲಿ ನಿಂತಾಗ ಲೂಶಿಯಸ್‌ಗೆ ಲೆಕ್ಕ ಸರಿಹೋಯಿತು. ಗುಂಡಿ ಎಪ್ಪತ್ತೆಂಟರಲ್ಲಿದ್ದರೆ ಹಾಡು ಹುಡುಗಿಯದು, ಫಲಕ ನಿಜ, ಪೆಟಸ್ ಪಂಡಿತ. ಎಪ್ಪತ್ತೆರಡಕ್ಕೆಳೆದರೆ ಹಾಡು ಹೆಂಗಸಿನದು, ಫಲಕ ಸುಳ್ಳು, ಪೆಟಸ್ ಪೆದ್ದ. ನಡುವೆ ಆರು ಸುತ್ತು. ಸಭೆಯಲ್ಲಿ ಇರುವವರಲ್ಲಿ ಆ ಆರು ಸುತ್ತಿನ ಅಂತರ ತಿಳಿಯುವ ಕಿವಿ ಒಂದೇ, ಆ ಕಿವಿಯ ಮೇಲೆ ವಯಸ್ಸಾಯಿತೆಂಬ ಅಪನಂಬಿಕೆಯನ್ನು ಆತನೇ ಅಚ್ಚುಹಾಕಿಸಿ ಹಂಚಿದ್ದಾನೆ. ಯಾರು ನಂಬುತ್ತಾರೆ ಆಕೆಯನ್ನು? ಈ ಯೋಚನೆ ಬಂದು ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಎಂದು ನಾಚಿ, ಕನ್ನಡಿಯಲ್ಲಿ ದಿಂಬಿನ ನಡುವಿನ ತಟ್ಟೆಯನ್ನು ನೋಡಿದ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ದೀಪ ಯಾವಾಗಲೋ ಹಸಿರಾಗಿತ್ತು.

“ಯಾವ ಕಡೆ ಹೋಗೋದು ಅಂತ ಯೋಚ್ನೆನಾ?” ಎಂದಳು ಅರ್ನೆಸ್ಟೀನ್. “ಚರ್ಚು ಎಡಕ್ಕೆ. ನಾವು ಹುಟ್ಟೋಕೆ ಮುಂಚಿಂದ ಅಲ್ಲೇ ಇದೆ.”

ಮೌಂಟ್ ನೆಬೋ ಬ್ಯಾಪ್ಟಿಸ್ಟ್ ಚರ್ಚಿನ ಹಿಂದಿನ ಹಾಲಿನಲ್ಲಿ ಅರವತ್ತು ಮಡಚುವ ಕುರ್ಚಿ. ಗೋಡೆಗೆ ಒರಗಿಸಿದ ಮೇಜಿನ ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿದ ಕರಿದ ಮೀನು, ಎಲೆಪಲ್ಯ, ಗೆಣಸಿನ ಪೈ. ಹಾಳೆಯೊಳಗಿಂದ ಹೊರಟ ವಾಸನೆ ಭಾಷಣಕಾರರಿಗೆಲ್ಲ ಸಮಯ ನಿಗದಿ ಮಾಡುತ್ತಿತ್ತು. ವೇದಿಕೆಯ ಎಡಕ್ಕೆ ನೇರಳೆ ಬಟ್ಟೆ ಹೊದ್ದ ಫಲಕ, ಹೊದಿಸಿದ ಹೆಣದಂತೆ. ಡಾಕ್ಟರ್ ಹೋಲ್ಮ್‌ಗ್ರೆನ್ ವಿಮಾನ ಹತ್ತಿ ಬಂದಿದ್ದ. ಉದ್ದನೆ ಮನುಷ್ಯ, ಬೆವರಿ ಗುಲಾಬಿಯಾಗಿದ್ದ; ಲೂಶಿಯಸ್‌ನ ಎರಡೂ ಕೈ ಹಿಡಿದು, “ನೀವು ಆ ಹಾಡು ಹಾಕುವಾಗ ನಾನು ಕಣ್ಣು ಮುಚ್ಚಿಕೊಂಡಿರ್ತೀನಿ, ತಪ್ಪು ತಿಳೀಬೇಡಿ,” ಎಂದ. ಕಿವಿ ಮುಚ್ಚಿಕೊಂಡರೆ ಇನ್ನೂ ಒಳ್ಳೆಯದು ಎಂದು ಲೂಶಿಯಸ್ ಅಂದುಕೊಂಡ. ಮೊದಲ ಸಾಲಿನ ನಡುವೆ ಬಿಳಿಯ ಉಡುಪು, ಬಿಳಿಯ ಟೋಪಿ, ಮಡಿಲಲ್ಲಿ ಕೋಲು: ಮಿಸ್ ಜೆನೋಬಿಯಾ. “ಬಂದ್ಯಾ ಮಗ? ಟೊಮೇಟೊ ಹೇಗಿದೆ?” ಎಂದಳು. “ಹಣ್ಣಾಗ್ತಿದೆ ಮದರ್,” ಎಂದ. “ಹಣ್ಣಾಗ್ಲಿ. ಕೆಲವಕ್ಕೆ ಹೊತ್ತು ಹಿಡಿಯುತ್ತೆ.” ಆಕೆ ಟೊಮೇಟೊ ಬಗ್ಗೆ ಮಾತ್ರ ಹೇಳಿದಳೋ ಏನೋ. ಅಪರಾಧಿಗೆ ತರಕಾರಿಯೂ ಸಾಕ್ಷಿ ಹೇಳುತ್ತದೆ.

ಪಾದ್ರಿ ಸ್ಟೋಕ್ಸ್ ಮೈಕು ಹಿಡಿದರು. ಈ ಚರ್ಚು ತನ್ನ ಹೆಮ್ಮೆಯ ಮಗಳನ್ನು ಇಂದು ಗೌರವಿಸುತ್ತಿದೆ ಎಂದರು. ಇದೇ ಚರ್ಚು ಆ ಹೆಮ್ಮೆಯ ಮಗಳನ್ನು ಸೈತಾನನ ಹಾಡು ಹಾಡುತ್ತಾಳೆಂದು ಸಾವಿರದ ಒಂಬೈನೂರ ಇಪ್ಪತ್ತೇಳರಲ್ಲಿ ಹೊರಗೆ ಹಾಕಿತ್ತು ಎಂಬುದನ್ನು ‘ಅಂದಿನ ಕಾಲದಲ್ಲಿ ಕೆಲವು ಭಿನ್ನಾಭಿಪ್ರಾಯಗಳಿದ್ದವು’ ಎಂದು ದಾಟಿಸಿದರು. ಮೊದಲ ಸಾಲಿನಿಂದ ಕೋಲು ಒಮ್ಮೆ ನೆಲಕ್ಕೆ ಬಡಿಯಿತು. ಹೊರಗೆ ಹಾಕಿದವರು ಮತ್ತೆ ಒಳಗೆ ಬರಬೇಕಾದರೆ ಒಂದು ಕ್ರಮವಿತ್ತು, ಈಗಲೂ ಇದೆ: ಸಭೆಯ ಮುಂದೆ ಎದ್ದು ನಿಲ್ಲಬೇಕು, ತಪ್ಪನ್ನು ಬಾಯಿಬಿಟ್ಟು ಹೇಳಬೇಕು, ಯಾರಾದರೂ ಒಬ್ಬರು ಇವರನ್ನು ಸೇರಿಸಿಕೊಳ್ಳೋಣ ಎಂದು ಸೂಚಿಸಿ ಇನ್ನೊಬ್ಬರು ಅನುಮೋದಿಸುವತನಕ ನಿಂತೇ ಇರಬೇಕು. ಒರೀಲಿಯಾ ಎದ್ದು ನಿಲ್ಲಲಿಲ್ಲ. ಬೀದಿಯ ಆ ಬದಿಯ ಮನೆಯ ಜಗುಲಿಯಲ್ಲಿ ಭಾನುವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಕೂತು ಹಾಡುತ್ತಿದ್ದಳಂತೆ, ಒಳಗಿದ್ದವರಿಗೆಲ್ಲ ಕೇಳುವ ಹಾಗೆ. ಅದನ್ನೂ ಮಿಸ್ ಜೆನೋಬಿಯಾಳೇ ಹೇಳಿದ್ದು. ರಸ್ತೆ ದಾಟಿ, ಮುಚ್ಚಿದ ಕಿಟಕಿ ದಾಟಿ, ನೂರು ಜನರ ಪ್ರಾರ್ಥನೆ ದಾಟಿ ಕೇಳಿಸಬೇಕಾದರೆ ಅದು ಎಂಥ ದನಿಯಿರಬೇಕು ಎಂದು ಟೇಪು ಹಿಡಿದ ಮಹಾಶಯನಿಗೆ ಆಗ ಹೊಳೆಯಬೇಕಿತ್ತಲ್ಲ. ಹೊಳೆದಿರಲಿಲ್ಲ. ಆತ ಟೇಪಿನ ಬ್ಯಾಟರಿ ನೋಡುತ್ತಿದ್ದ.

ಬಟ್ಟೆ ಸರಿಯಿತು. ಕಂಚು ಹೊಳೆಯಿತು. ಜನ ಚಪ್ಪಾಳೆ ತಟ್ಟಿದರು. “ಇನ್ನು ಬ್ರದರ್ ಪೆಟಸ್,” ಎಂದರು ಪಾದ್ರಿ, “ಯಾರೂ ಕೇಳದ ಒಂದು ಹಾಡನ್ನ ನಮಗೆಲ್ಲ ಕೇಳಿಸ್ತಾರೆ.”

ವೇದಿಕೆಯ ಮೂರು ಮೆಟ್ಟಿಲು ಹತ್ತುವಾಗ ಆತನಿಗೆ ಏನು ಹೇಳಬೇಕೆಂಬುದು ಸ್ಪಷ್ಟವಿತ್ತು. ನಾನು ತಪ್ಪಿದೆ, ಆಕೆ ಸರಿ. ನಾಲ್ಕೇ ಪದ. ಮೈಕಿನ ಮುಂದೆ ನಿಂತಾಗ ಬಾಯಿಂದ ಬಂದದ್ದು: “ಸಭಿಕರೇ, ದುಃಖಕ್ಕೆ ವಯಸ್ಸಿಲ್ಲ.” ಬಾಯಿಗೆ ದಾರಿ ರೂಢಿಯಾಗಿಬಿಟ್ಟಿದೆ, ಇಪ್ಪತ್ತೆರಡು ವರ್ಷದಿಂದ ಇದೇ ಬೀದಿಯಲ್ಲಿ ಬಟವಾಡೆ ಮಾಡಿದ ಬಾಯಿ. ಹಂಡೆ, ಹಕ್ಕಿ, ಸತ್ತ ಮಗು, ಎಲ್ಲ ಸಾಲಾಗಿ ಬಂದು ಇಳಿದವು. ತನ್ನ ದನಿ ತನಗೇ ಕೇಳುತ್ತಿತ್ತು, ಸ್ವಲ್ಪ ಜೋರಾಗಿ ತಿರುಗುತ್ತಿರುವ ತಟ್ಟೆಯ ಹಾಗೆ, ತೆಳ್ಳಗೆ, ಅವಸರದಲ್ಲಿ. ಗುಂಡಿ ಎಪ್ಪತ್ತೆಂಟರಲ್ಲೇ ಇತ್ತು. ಮುಳ್ಳು ಇಳಿಯಿತು. ಪಿಯಾನೋ ತಗಡಿನ ಆಟಿಕೆಯಂತೆ ಟಿಣಿಟಿಣಿಯೆಂದಿತು, ಹುಡುಗಿ ಹಾಡಿದಳು:

ಒಲೆ ಆರ್ಸಿ ಹೋದ, ಬೂದಿ ನನಗೆ ಬಿಟ್ಟು ಹೋದ,
ಹೌದಮ್ಮ, ಒಲೆ ಆರ್ಸಿ ಹೋದ, ಬೂದಿ ನನಗೆ ಬಿಟ್ಟು ಹೋದ,
ಅದೇ ಬೂದೀಲಿ ಪಾತ್ರೆ ಬೆಳಗ್ದೆ, ನನ್ನ ಮುಖ ನನಗೇ ಕಾಣೋ ಹಾಗೆ.

ಹೋಲ್ಮ್‌ಗ್ರೆನ್ ಕಣ್ಣು ಮುಚ್ಚಿಕೊಂಡ. ಹಿಂದಿನ ಸಾಲಿನ ಯಾರೋ “ಪಾಪ ಕಣೇ,” ಎಂದರು.

“ಯಾರಿದು?” ಎಂದಳು ಮಿಸ್ ಜೆನೋಬಿಯಾ. ಮೆಲ್ಲಗೇನೂ ಅಲ್ಲ.

ಪಾದ್ರಿ ಬಗ್ಗಿದರು. “ನಿಮ್ಮತ್ತೆ, ಮದರ್.”

“ನಮ್ಮತ್ತೆ ಅಲ್ಲಪ್ಪ. ಯಾವ್ದೋ ಅಳಿಲಿನ ಬಾಲ ಬಾಗಿಲಿಗೆ ಸಿಕ್ಕಂಗಿದೆ.”

ಹಾಲು ನಕ್ಕಿತು, ವಯಸ್ಸಾದವರ ಮಾತಿಗೆ ನಗುವ ಮೆತ್ತನೆಯ ನಗು. ಆ ನಗುವನ್ನು ಲೂಶಿಯಸ್ ಗುರುತಿಸಿದ. ಅದು ಆತನದೇ, ಆಕೆಯ ಜಗುಲಿಯ ಮೇಲೆ ಆತನೇ ನಕ್ಕಿದ್ದು, ಆಮೇಲೆ ಅಚ್ಚು ಹಾಕಿಸಿದ್ದು, ಈಗ ಅರವತ್ತು ಬಾಯಿಗಳಲ್ಲಿ ಪ್ರತಿಯಾಗಿ ಬಂದಿದ್ದು. ಮಿಸ್ ಜೆನೋಬಿಯಾ ಕೋಲಿನ ಹಿಡಿಯ ಮೇಲೆ ಎರಡೂ ಕೈಯಿಟ್ಟು, ಬಾಯಿ ಬಿಗಿದು, ಹವಾಮಾನ ನೋಡುವವಳ ಹಾಗೆ ಕಿಟಕಿಯ ಕಡೆ ನೋಡಿದಳು. ಆತನ ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಯಿತು, ಹಿಂದಕ್ಕೆಳೆಯಿತು. ದನಿ ಜಾರಿ ಇಳಿಯಿತು. ಹುಡುಗಿ ಹೆಂಗಸಾದಳು. ಯಂತ್ರ ಕೆಟ್ಟಿತೆಂದು ಇಬ್ಬರು ಎದ್ದು ನಿಂತರು. ಆಗಲಾದರೂ ಆತ ಆ ನಾಲ್ಕು ಪದ ಹೇಳಬಹುದಿತ್ತು. ಹೇಳಿದ್ದು ಹೀಗೆ: “ಸಭಿಕರೇ, ನನ್ನ ಇತ್ತೀಚಿನ ಪ್ರಯೋಗಗಳ ಪ್ರಕಾರ ಈ ತಟ್ಟೆಯ ನಿಜವಾದ ವೇಗ ಎಪ್ಪತ್ತೆರಡು.”

ಹೋಲ್ಮ್‌ಗ್ರೆನ್ ಕಣ್ಣು ತೆರೆದ. ಎದ್ದ. ಚಪ್ಪಾಳೆ ತಟ್ಟಿದ. “ಅದ್ಭುತ! ತನ್ನ ಸಿದ್ಧಾಂತವನ್ನ ತಾನೇ ಮುರಿಯೋ ಧೈರ್ಯ!” ಅವನ ಹಿಂದೆ ಪಾದ್ರಿ, ಪಾದ್ರಿಯ ಹಿಂದೆ ಹಾಲು. ಪೆದ್ದನಾಗುವ ಗುಂಡಿಯನ್ನು ಎಳೆದರೆ ಮಹಾಪಂಡಿತನಾಗಿ ಹೊರಬರಬಹುದು ಎಂಬುದು ಆತನ ಲೆಕ್ಕದಲ್ಲಿರಲಿಲ್ಲ. ಮೂರನೆಯ ಸಾಲಿನಲ್ಲಿ ನೇರಳೆ ಟೋಪಿ ಮಾತ್ರ ಅಲ್ಲಾಡಲಿಲ್ಲ. ಚಪ್ಪಾಳೆ ತಟ್ಟದೆ ಕೂತ ಹೆಂಡತಿಯ ಕೈಗಳು ಎಷ್ಟು ದೊಡ್ಡದಾಗಿ ಕಾಣುತ್ತವೆ!

“ಇನ್ನೂ ಇಳಿಸು,” ಎಂದಳು ಮಿಸ್ ಜೆನೋಬಿಯಾ.

ಚಪ್ಪಾಳೆ ಅಲ್ಲಲ್ಲೇ ನಿಂತಿತು. ಲೂಶಿಯಸ್ ಬಗ್ಗಿ, “ಮದರ್, ಎಪ್ಪತ್ತೆರಡು ಅಂತ ನಾನು ಬೆಳಿಗ್ಗೆ ಪರೀಕ್ಷೆ ಮಾಡಿ…”

“ನಂಬರು ನಂಗೊತ್ತಿಲ್ಲ ಮಗ. ಇಳಿಸು.”

ಇಳಿಸಿದ. ಎಪ್ಪತ್ತು.

“ಇಳಿಸು.”

ಅರವತ್ತೆಂಟು. ಗುಂಡಿ ಹಿಂದಿನ ತುದಿಗೆ ಬಂದಿತ್ತು. ಅಷ್ಟು ಕೆಳಗೆ ಯಾವ ಕಂಪನಿಯೂ ಮುದ್ರಿಸುವುದಿಲ್ಲ, ಪುಸ್ತಕಗಳಲ್ಲಿ ಇಲ್ಲ, ಹೋಲ್ಮ್‌ಗ್ರೆನ್ ಆಗಲೇ ತಲೆಯಲ್ಲಾಡಿಸತೊಡಗಿದ್ದ. ಆಕೆ ಕೋಲನ್ನು ಎತ್ತಿ, ಹಿಡಿ, ಹಿಡಿ, ಎನ್ನುವಂತೆ ಕೆಳಕ್ಕೆ ತೋರಿಸಿದಳು. ಆತ ತಟ್ಟೆಯ ಅಂಚಿಗೆ ಬೆರಳ ತುದಿ ತಾಗಿಸಿದ. ಇಪ್ಪತ್ತೆರಡು ವರ್ಷದಿಂದ ಯಾರನ್ನೂ ಮುಟ್ಟಗೊಡದ ತಟ್ಟೆ. ಬೆರಳಿನ ಭಾರಕ್ಕೆ ಅದು ಇನ್ನೂ ಒಂದೆರಡು ಸುತ್ತು ಹಿಂದೆ ಬಿತ್ತು. ಅಷ್ಟರಲ್ಲಿ ಪಿಯಾನೋ ಇದ್ದಕ್ಕಿದ್ದಂತೆ ಮರದ್ದಾಯಿತು. ತಗಡು ಹೋಗಿ ಮರ, ತಂತಿ, ಅದರ ಮುಂದೆ ಕೂತವನ ಕಾಲು ನೆಲಕ್ಕೆ ಬಡಿಯುವ ಸದ್ದು. ಆ ಸದ್ದಿನ ಮೇಲೆ ಒಬ್ಬ ಹೆಂಗಸು, ಹೊಟ್ಟೆಯ ಬುಡದಿಂದ, ಏನೂ ಅವಸರವಿಲ್ಲದೆ.

“ಹ್ಞಾ,” ಎಂದಳು ಮಿಸ್ ಜೆನೋಬಿಯಾ. “ಅಲ್ಲೇ ಇರ್ಲಿ.”

ಹಾಡುವವಳು ಅಳುತ್ತಿರಲಿಲ್ಲ. ಲೂಶಿಯಸ್‌ಗೆ ಮೊದಲು ಹೊಳೆದದ್ದು ಅದು, ಬೆರಳಿನಿಂದ ತೋಳಿಗೆ ಹತ್ತಿದ ಹಾಗೆ: ಒರೀಲಿಯಾ ಅಳುತ್ತಿಲ್ಲ, ಆಡಿಕೊಳ್ಳುತ್ತಿದ್ದಾಳೆ. ಒಲೆ ಆರಿಸಿ ಹೋದವನನ್ನು ಬೂದಿಯಲ್ಲಿ ಉಜ್ಜಿ ಉಜ್ಜಿ ಬೆಳಗುತ್ತಿದ್ದಾಳೆ. ‘ಹೌದಮ್ಮ’ ಎಂಬಲ್ಲಿ ಆತ ಬಿಕ್ಕು ಎಂದು ಎರಡು ಪುಟ ಬರೆದಿದ್ದು ಬಿಕ್ಕಲ್ಲ, ತಡೆದ ನಗು. ಪಿಯಾನೋದವನೂ ನಗುತ್ತಿದ್ದಾನೆ, ಅದಕ್ಕೇ ಅಲ್ಲಿ ಅವನ ಎಡಗೈ ಒಂದು ಪೆಟ್ಟು ತಡವಾಗಿ ಬೀಳುತ್ತದೆ. ಸತ್ತ ಮಗುವಿರಲಿಲ್ಲ, ಇದ್ದದ್ದು ಓಡಿಹೋದ ಒಬ್ಬ ಸೋಮಾರಿ ಗಂಡಸು, ಅವನೂ ಈ ಹಾಡಿನ ಪ್ರಕಾರ ದೊಡ್ಡ ನಷ್ಟವೇನಲ್ಲ. ನಲವತ್ತೆರಡು ಪುಟ ಶೋಕಗೀತೆಯೆಂದು ಬರೆದದ್ದು ಒಂದು ಒಳ್ಳೆಯ ಬೈಗುಳ. ಇಪ್ಪತ್ತೆರಡು ವರ್ಷ ಈ ಹಾಡನ್ನು ಮೆಚ್ಚಿದ್ದ, ಒಂದು ಸಲವೂ ಕೇಳಿರಲಿಲ್ಲ. ನಗು ಬಂತು. ನಗುವಿನ ಜೊತೆ ಕಣ್ಣೂ ಒದ್ದೆಯಾಯಿತು, ಎಲ್ಲರ ಎದುರು, ಬೆರಳು ತಟ್ಟೆಯ ಮೇಲಿದ್ದದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಪಾದ್ರಿ ಸ್ಟೋಕ್ಸ್ ಒಳ್ಳೆಯ ಮನುಷ್ಯ, ಮೀನು ಆರುತ್ತಿದ್ದುದೂ ಅವರಿಗೆ ಗೊತ್ತಿತ್ತು. ಮೈಕಿನ ಹತ್ತಿರ ಬಂದು, “ನೋಡಿ, ಬ್ರದರ್ ಪೆಟಸ್ ಮದರ್ ಜೆನೋಬಿಯಾ ಅವರನ್ನೂ ಸೇರಿಸ್ಕೊಂಡು ಎಷ್ಟು ಚೆನ್ನಾಗಿ ಪ್ರಯೋಗ ಮಾಡಿ ತೋರಿಸಿದ್ರು,” ಎಂದರು. ತಪ್ಪಿಸಿಕೊಳ್ಳುವ ಬಾಗಿಲು ಹಾರು ಹೊಡೆದಿತ್ತು. ಆ ಬಾಗಿಲಿನಿಂದ ತಲೆಯೆತ್ತಿ ಹೊರಗೆ ನಡೆದರೆ ಮೀನಿನ ಸಾಲು, ಹೋಲ್ಮ್‌ಗ್ರೆನ್‌ನ ಅಪ್ಪುಗೆ, ಪುಸ್ತಿಕೆಯ ತಿದ್ದಿದ ಎರಡನೆಯ ಮುದ್ರಣ.

“ಪ್ರಯೋಗ ಅಲ್ಲ,” ಎಂದ ಲೂಶಿಯಸ್. ಮೈಕು ದೂರವಿತ್ತು, ಕೂಗಬೇಕಾಯಿತು. “ಹನ್ನೆರಡು ವರ್ಷದ ಹಿಂದೆ ಇವರು ನಂಗೆ ಹೇಳಿದ್ರು. ಜೋರಾಗಿ ಓಡಿಸ್ತಿದ್ದೀಯ ಅಂತ. ನಾನು ನಕ್ಕೆ. ಆಮೇಲೆ ಇವರಿಗೆ ಅರಳುಮರುಳು ಅಂತ ಪುಸ್ತಕದಲ್ಲಿ ಬರ್ದೆ. ಹೆಸರೂ ಹಾಕ್ಲಿಲ್ಲ. ಬೆಳಿಗ್ಗೆ ನಿಜ ಗೊತ್ತಾಯ್ತು. ಆದ್ರೂ ಇಲ್ಲಿ ಬಂದು ಮೊದಲು ಸುಳ್ಳೇ ಹಾಕ್ದೆ. ಆಮೇಲೆ ಇವರದನ್ನ ನಂದು ಅಂದೆ. ಅದೂ ಅರ್ಧಂಬರ್ಧ.” ಫಲಕದ ಕಡೆ ಗದ್ದ ತೋರಿಸಿದ. “ಅದರ ಮೇಲಿರೋದು ಸುಳ್ಳು.”

ಹೋಲ್ಮ್‌ಗ್ರೆನ್ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಆಗ ಬಲಗಡೆಯ ಕುರ್ಚಿಯಲ್ಲಿ ಬೆಳಗಿನಿಂದ ತೂಕಡಿಸುತ್ತಿದ್ದ ಡೀಕನ್ ಟಾಲಿವರ್, ಐವತ್ತು ವರ್ಷ ಚರ್ಚಿನ ಸಭೆ ನಡೆಸಿದವರು, ತಪ್ಪೊಪ್ಪಿಗೆಯ ದನಿ ಕಿವಿಗೆ ಬಿದ್ದದ್ದೇ ಎಚ್ಚರಗೊಂಡು, ರೂಢಿಯಂತೆ ಕೈಯೆತ್ತಿ, “ಸಹೋದರ ಎದ್ದು ನಿಂತು ಬಾಯಿಬಿಟ್ಟು ಹೇಳಿದ್ದಾನೆ. ಸೇರಿಸ್ಕೊಳ್ಳೋಕೆ ಯಾರು ಸೂಚಿಸ್ತೀರಿ?” ಎಂದರು.

ಯಾರೋ ಕಿಸಕ್ಕೆಂದರು. “ಡೀಕನ್, ಇದು ಆ ಸಭೆ ಅಲ್ಲ,” ಎಂದು ಪಾದ್ರಿ ಪಿಸುಗುಟ್ಟಿದರು. “ಯಾವ ಸಭೆ ಆದ್ರೇನು, ಹೇಳಿದ್ದು ಕೇಳಿಸ್ತಲ್ಲ,” ಎಂದರು ಡೀಕನ್. ಅವರು ಹೊರಡಿಸಿದ ಮಾತನ್ನು ಅರ್ಧಕ್ಕೆ ಬಿಟ್ಟವರಲ್ಲ. “ಯಾರು ಸೂಚಿಸ್ತೀರಿ?”

“ನಾನು ಸೂಚಿಸ್ತೀನಿ,” ಎಂದು ನೇರಳೆ ಟೋಪಿ ಎದ್ದಿತು. “ಮನೆಗೆ ಯಾರಾದ್ರೂ ಕರ್ಕೊಂಡು ಹೋಗ್ಬೇಕಲ್ಲ. ಕಾರಿನ ಕೀ ಬೇರೆ ಅವನ ಹತ್ರ ಇದೆ.”

ಈ ಸಲ ಹಾಲು ನಿಜವಾಗಿ ನಕ್ಕಿತು. “ಅನುಮೋದಿಸೋರು?” ಎಂದರು ಡೀಕನ್.

ಎರಡು ಮೂರು ಕೈಗಳು ಮೇಲೇಳಲು ಹೊರಟು, ತಾವಾಗಿಯೇ ಕೆಳಗಿಳಿದವು. ಎಲ್ಲರೂ ಮೊದಲ ಸಾಲಿನ ನಡುವಿನ ಕುರ್ಚಿಯ ಕಡೆ ತಿರುಗಿದರು. ಅನುಮೋದನೆ ಯಾರದೆಂದು ಈ ಜನರಿಗೆ ಹೇಳಿಕೊಡಬೇಕಾಗಿರಲಿಲ್ಲ. ಲೂಶಿಯಸ್ ನಿಂತಿದ್ದ, ಬೆನ್ನು ಬಗ್ಗಿಸಿ, ಬೆರಳು ತಟ್ಟೆಯ ಅಂಚಿಗಿಟ್ಟು, ಅರ್ಧ ದುಡಿಮೆಯ ಅರ್ಧ ನಮಸ್ಕಾರದ ಭಂಗಿಯಲ್ಲಿ. ಮಿಸ್ ಜೆನೋಬಿಯಾ ಕೈಯೆತ್ತಿದಳು. ಆತನ ಎದೆ ಹಗುರಾಗತೊಡಗಿತು. ಎತ್ತಿದ ಕೈಯ ಒಂದು ಬೆರಳು ತುಟಿಯ ಮೇಲೆ ಹೋಯಿತು.

“ಶ್! ಹಾಡು ಮುಗೀಲಿ.”

ಹಾಡು ಮುಗಿಯಲು ಇನ್ನೊಂದು ಚರಣವಿತ್ತು. ಅದು ಮುಗಿಯಿತು. ಮುಳ್ಳು ಕೊನೆಯ ಗೆರೆಗೆ ಬಂದು ಸರಕ್, ಸರಕ್ ಎಂದು ಸುತ್ತತೊಡಗಿತು. ಆಕೆ ಕಣ್ಣು ಮುಚ್ಚಿ, ಕೋಲಿನ ಮೇಲೆ ಗದ್ದವಿಟ್ಟು ಕೂತಿದ್ದಳು. ಡೀಕನ್ ಟಾಲಿವರ್ ಮತ್ತೆ ಬಾಯಿ ತೆರೆದರು.

“ಇನ್ನೊಂದ್ಸಲ ಹಾಕು,” ಎಂದಳು, ಕಣ್ಣು ತೆರೆಯದೆ.

ಲೂಶಿಯಸ್ ಮುಳ್ಳನ್ನು ಎತ್ತಿ ಮೊದಲ ಗೆರೆಗಿಟ್ಟ, ಬೆರಳನ್ನು ಅಂಚಿಗೆ ತಾಗಿಸಿದ, ನಿಂತ.